ಇಂಧನ ಮೀಮಾಂಸೆ: ಸಣ್ಣ ಎಸ್ಟೇಟ್ ಕಾರಿಗೆ ಪೆಟ್ರೋಲೋ ಡೀಸೆಲೋ ಎಂಬ ಪೂರ್ವೋತ್ತರಪಕ್ಷ ವಿಚಾರ

ವಸ್ತುನಿರ್ದೇಶ

ಸಂಶೋಧನೆಗೆ ಯೋಗ್ಯವಾದ ವಸ್ತುವಿಗೆ ಎರಡು ಲಕ್ಷಣಗಳಿರಬೇಕು. ಒಂದು, ಅದು ಈಗ ಚಾಲ್ತಿಯಲ್ಲಿರಬಾರದು. ಎರಡು, ಅದರ ಬಗ್ಗೆ ಎಲ್ಲರಿಗೂ ಖಚಿತವಾದ ಅಭಿಪ್ರಾಯವಿರಬೇಕು. ಸಣ್ಣ ಎಸ್ಟೇಟ್ ಕಾರಿಗೆ ಪೆಟ್ರೋಲ್ ಒಳ್ಳೆಯದೋ ಡೀಸೆಲ್ ಒಳ್ಳೆಯದೋ ಎಂಬ ಪ್ರಶ್ನೆ ಎರಡರಲ್ಲೂ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುತ್ತದೆ. ಅಂಥ ಕಾರು ಇವತ್ತು ನಮ್ಮ ಷೋರೂಮುಗಳಲ್ಲಿಲ್ಲ. ಆದರೆ ಮದುವೆಮನೆಯ ಎರಡನೇ ಪಂಕ್ತಿಯಲ್ಲಿ ಕೂತು ಈ ಪ್ರಶ್ನೆ ಎತ್ತಿ ನೋಡಿ, ಪಾಯಸ ಬರುವುದರೊಳಗೆ ಎಲೆಯ ಎರಡೂ ಬದಿಯಿಂದ ಸಿದ್ಧಾಂತಗಳು ಬಂದು ಬೀಳುತ್ತವೆ.

ಎಸ್ಟೇಟ್ ಕಾರಿನ ಲಕ್ಷಣ ಹೀಗೆ: ಚಾವಣಿ ಹಿಂದಿನ ತುದಿಯವರೆಗೂ ಸಾಗಿರುತ್ತದೆ, ಡಿಕ್ಕಿಯೆಂಬ ಪ್ರತ್ಯೇಕ ಕೋಣೆ ಇರುವುದಿಲ್ಲ, ಹಿಂಬದಿಗೆ ಮೇಲಕ್ಕೆತ್ತುವ ಬಾಗಿಲಿರುತ್ತದೆ, ಹಿಂದಿನ ಸೀಟು ಮಡಚಿದರೆ ಒಂದು ಸಣ್ಣ ಕುಟುಂಬದ ಸಾಮಾನೆಲ್ಲ ಹಿಡಿಸುತ್ತದೆ, ಕುಟುಂಬ ಮಾತ್ರ ಹಿಡಿಸುವುದಿಲ್ಲ. ಸ್ಟೇಷನ್ ವ್ಯಾಗನ್ ಎಂಬುದು ಇದರದೇ ಪಾಠಾಂತರ. ಇದರ ಹೆಸರನ್ನೇ ಹೊತ್ತ ಟಾಟಾ ಎಸ್ಟೇಟ್ 1992ರಲ್ಲಿ ಬಂತು, ಡೀಸೆಲ್‌ನಲ್ಲಿ ಮಾತ್ರ. ಮಾರುತಿಯ ಬಲೆನೊ ಆಲ್ಟುರಾ ಬಂತು, ಪೆಟ್ರೋಲ್‌ನಲ್ಲಿ ಮಾತ್ರ. ಆಯ್ಕೆಯೇ ಇಲ್ಲದ ಕಡೆ ವಾದಕ್ಕೆ ಅವಕಾಶವಿಲ್ಲ; ವಾದವಿಲ್ಲದ ಕಾರು ನಮ್ಮವರಿಗೆ ರುಚಿಸುವುದಿಲ್ಲ. ಆ ಕೊರತೆ ನೀಗಿದ್ದು 2004ರಲ್ಲಿ, ಟಾಟಾದ ಇಂಡಿಗೊ ಮರೀನಾ ಎರಡೂ ಇಂಧನಗಳಲ್ಲಿ ಬಂದಾಗ.

ಈ ಪ್ರಬಂಧಕ್ಕೆ ಮರೀನಾವನ್ನೇ ಆಕರವಾಗಿ ಆರಿಸಲು ಬಲವಾದ ಕಾರಣವಿದೆ. ಅದರ ಪೆಟ್ರೋಲ್ ಎಂಜಿನ್ 1405 ಸಿಸಿ. ಡೀಸೆಲ್ ಎಂಜಿನ್ನೂ 1405 ಸಿಸಿ. ಮೈ ಒಂದೇ, ಅಳತೆ ಒಂದೇ, ಬೇರೆಯದು ಕುಡಿಯುವ ದ್ರವ್ಯ ಮಾತ್ರ. ಇಷ್ಟು ಶುದ್ಧವಾದ ಪ್ರಯೋಗ ತತ್ತ್ವಶಾಸ್ತ್ರದವರಿಗೂ ಸಿಕ್ಕಿರಲಾರದು.

ಆದರೂ ಕಾರು ಹೆಚ್ಚು ಓಡಲಿಲ್ಲ. ಕಾರಣ ಇಂಧನವಲ್ಲ, ಹಿಂಭಾಗ. ಬೀದಿಯಲ್ಲಿ ನಿಂತರೆ ಆಚೆಮನೆಯವರು ಬಂದು "ಯಾರು ಹೋಗಿಬಿಟ್ರು?" ಎಂದು ಕೇಳುವ ಸಾಧ್ಯತೆ ಇತ್ತು. ಮೇಲಾಗಿ ಡಿಕ್ಕಿ ಬೇರೆ ಇಲ್ಲದ್ದರಿಂದ ಮಲ್ಪೆಯಲ್ಲಿ ಕೊಂಡ ಒಣಮೀನೂ, ಅದನ್ನು ತಿನ್ನದ ಮಾವನವರೂ ಒಂದೇ ಗಾಳಿಯಲ್ಲಿ ಬೆಂಗಳೂರು ತಲುಪಬೇಕಿತ್ತು. ಡೀಸೆಲ್ ವಾಸನೆಯ ಬಗ್ಗೆ ಪೆಟ್ರೋಲ್ ಪಂಥದವರು ಎತ್ತುವ ಆಕ್ಷೇಪ ಇಂಥ ಪ್ರಯಾಣದಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ.

ಮೂಲಪುರುಷ ಪ್ರಕರಣ

ಪೆಟ್ರೋಲ್ ಪಂಥದ ಆದಿಪುರುಷ ನಿಕೊಲಾಸ್ ಒಟ್ಟೊ. ನಾಲ್ಕು ಹೊಡೆತದ ಎಂಜಿನ್ ಅನ್ನು 1876ರಲ್ಲಿ ಓಡಿಸಿ ತೋರಿಸಿದವನು. ಆದರೆ ಪಂಥವನ್ನು ರಸ್ತೆಗೆ ತಂದದ್ದು ಸ್ತ್ರೀ. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ಗಂಡನಿಗೆ ಹೇಳದೆ ಕಾರು ತೆಗೆದುಕೊಂಡು, ಮಕ್ಕಳಿಬ್ಬರನ್ನು ಕೂರಿಸಿಕೊಂಡು, ಮನ್‌ಹೈಮ್‌ನಿಂದ ಫೋರ್ಜ್‌ಹೈಮ್‌ನ ತವರಿಗೆ ಹೊರಟಳು. ದಾರಿಯಲ್ಲಿ ಇಂಧನ ಮುಗಿದಾಗ ವೀಸ್ಲೋಖ್ ಊರಿನ ಔಷಧದಂಗಡಿಯಲ್ಲಿ ಕೊಂಡು ತುಂಬಿಸಿದಳು. ಲೋಕದ ಮೊದಲ ಪೆಟ್ರೋಲ್ ಬಂಕ್ ಔಷಧದಂಗಡಿಯಾಗಿತ್ತು ಎಂಬುದನ್ನು ನೆನೆದರೆ, ಇವತ್ತಿನ ದರ ಕೇಳಿದಾಗ ಆಗುವ ಎದೆನೋವಿನ ಪರಂಪರೆ ಸ್ಪಷ್ಟವಾಗುತ್ತದೆ.

ಡೀಸೆಲ್ ಪಂಥದ ಕಥೆ ಗಂಭೀರ. ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಜರ್ಮನ್. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅವನ ಎಂಜಿನ್ ಗಟ್ಟಿಯಾಗಿ ನಿಂತು ಓಡಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಊಟ ಮಾಡಿ ಕೋಣೆಗೆ ಹೋದವನು ಬೆಳಗಾಗುವುದರಲ್ಲಿ ಕಾಣೆಯಾಗಿದ್ದ. ಆ ಹೊತ್ತಿಗೆ ಅವನ ತಲೆಯ ಮೇಲೆ ದೊಡ್ಡ ಸಾಲವಿತ್ತು. ಡೀಸೆಲ್ ಎಂಜಿನ್ನಿಗೂ ಸಾಲಕ್ಕೂ ಇರುವ ನಂಟನ್ನು ಇಎಂಐ ಕಾಲದ ಆವಿಷ್ಕಾರವೆಂದು ತಿಳಿದವರು ಇದನ್ನು ಗಮನಿಸಬೇಕು.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನೋಡಿದವರಲ್ಲಿ ಹಲವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲವಂತೆ. ಆ ದಾರಿಯಲ್ಲೇ ಲೋಕ ಸಾಗಿದ್ದರೆ ಚಳ್ಳಕೆರೆ ಇವತ್ತು ಕುವೈತ್ ಆಗಿರಬೇಕಿತ್ತು. ಹೊಂಗೆ ಎಣ್ಣೆಯಿಂದ ಎಂಜಿನ್ ಓಡಿಸುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ್ದಾರೆ; ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವೇ ಇದೆ. ಇತ್ತ ಪೆಟ್ರೋಲ್‌ಗೆ ಶೇ 20ರಷ್ಟು ಎಥೆನಾಲ್ ಬೆರೆಯುತ್ತಿದೆ, ಅದರಲ್ಲಿ ಬೆಳಗಾವಿ, ಮಂಡ್ಯ ಕಡೆಯ ಕಬ್ಬಿನ ಪಾಲೂ ಉಂಟು. ಎಥೆನಾಲ್‌ಗೆ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ ಕಸುವು. ಹಾಗಾಗಿ ಬೆರಕೆಯ ಒಂದು ಲೀಟರಿನಲ್ಲಿ ಶೇ 6-7ರಷ್ಟು ಶಕ್ತಿ ಕಡಿಮೆ. ದರ ಮಾತ್ರ ಲೀಟರಿಗೇ ಹೊರತು ಶಕ್ತಿಗಲ್ಲ.

ಲೀಟರ್ ಎಂಬ ಅಳತೆಯೇ ಮೋಸದ್ದು ಎಂದು ಇಲ್ಲಿ ಒಂದು ಉಪಪ್ರಮೇಯವನ್ನು ಮಂಡಿಸಬಹುದು. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗಿದರೆ ಡೀಸೆಲ್ 830 ಗ್ರಾಂ ತೂಗುತ್ತದೆ. ಬಂಕಿನವರು ಅಕ್ಕಸಾಲಿಗರ ತಕ್ಕಡಿ ಇಟ್ಟುಕೊಂಡಿದ್ದರೆ ಡೀಸೆಲ್ ಭಕ್ತರು ಕೊಚ್ಚಿಕೊಳ್ಳುವ ಮೈಲೇಜಿನಲ್ಲಿ ಒಂದು ಪಾಲು ಅಲ್ಲೇ ಕರಗಿಹೋಗುತ್ತಿತ್ತು.

ಬಾಲಚ್ಛೇದ ಪ್ರಕರಣ

"ಸಣ್ಣ" ಎಂದರೇನು? ಈ ಗಹನ ಪ್ರಶ್ನೆಗೆ ಉತ್ತರ ಕೊಟ್ಟದ್ದು ಎಂಜಿನಿಯರುಗಳಲ್ಲ, 2006ರ ಕೇಂದ್ರ ಬಜೆಟ್. ಉದ್ದ 4 ಮೀಟರ್ ಮೀರಬಾರದು. ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು. ಅಂಥ ಕಾರು ಸಣ್ಣದು. ಅದರ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಯಿತು.

ಈಗ 1405 ಸಿಸಿಯ ನಮ್ಮ ಆಕರವನ್ನು ನೋಡಿ. ಎಂಜಿನ್ನಿನ ಮಟ್ಟಿಗೆ ಅದೇ ಕಾರು ಡೀಸೆಲ್ ಕುಡಿದರೆ ಸಣ್ಣದು, ಪೆಟ್ರೋಲ್ ಕುಡಿದರೆ ದೊಡ್ಡದು. ಕುಡಿದದ್ದರ ಮೇಲೆ ಗಾತ್ರ ನಿರ್ಧಾರವಾಗುವ ಈ ತತ್ತ್ವ ಕಂದಾಯ ಇಲಾಖೆಗೆ ಹೊಳೆದದ್ದು ಹೇಗೆಂದು ಹೇಳುವುದು ಕಷ್ಟ. ಉದ್ದದಲ್ಲಂತೂ ಮರೀನಾ 4 ಮೀಟರ್ ದಾಟಿದ್ದರಿಂದ ಎರಡೂ ಇಂಧನಗಳಲ್ಲಿ ದೊಡ್ಡವರ ಸಾಲಿಗೇ ಸೇರಿತು. ಅದರ ಸೋದರನಾದ ಇಂಡಿಗೊಗೆ 2008ರಲ್ಲಿ ಬಾಲ ಕತ್ತರಿಸಿ, 4 ಮೀಟರಿನ ಗೆರೆಯೊಳಗೆ ತೂರಿಸಿ, ಸಿಎಸ್ ಎಂದು ಹೆಸರಿಟ್ಟರು. ಅಲ್ಲಿಂದ ಮುಂದೆ ಭಾರತದ ಕಾರುಗಳು ಮೊಂಡುಬಾಲದವಾದವು. ಬಾಲವೇ ಬಂಡವಾಳವಾದ ಎಸ್ಟೇಟ್ ಕಾರಿಗೆ ಈ ದೇಶದಲ್ಲಿ ಜಾಗವಿಲ್ಲವೆಂದು ಅಂದೇ ತೀರ್ಮಾನವಾಗಿತ್ತು.

ಎಸ್ಟೇಟ್ ಸತ್ತಿತೆಂದು ಮಾತ್ರ ತಿಳಿಯಬಾರದು. ಅದನ್ನೇ ನಾಲ್ಕಂಗುಲ ಮೇಲಕ್ಕೆತ್ತಿ, ಮುಖ ದಪ್ಪ ಮಾಡಿ, ಕಾಂಪ್ಯಾಕ್ಟ್ ಎಸ್‌ಯುವಿ ಎಂದು ಕರೆದು ಎರಡು ಲಕ್ಷ ಹೆಚ್ಚಿಗೆ ಕೇಳಿದಾಗ ಅದೇ ಆಚೆಮನೆಯವರು ಕೊಂಡರು. ಆದ್ದರಿಂದ ಮುಂದಿನ ವಿಚಾರವೆಲ್ಲ ಆ ದಾಯಾದಿಗಳಿಗೂ ಅನ್ವಯ.

ಪೂರ್ವಪಕ್ಷಗಳು

ಈ ಶಾಸ್ತ್ರದ ಮೂಲಸೂತ್ರ ಒಂದೇ ಒಂದು: "ಎಷ್ಟು ಕೊಡುತ್ತೆ?" ವ್ಯಾಖ್ಯಾನಗಳು ಅನೇಕ.

ಬ್ಯಾಂಕ್ ನಿವೃತ್ತರ ಸಂಪ್ರದಾಯದಲ್ಲಿ ಡೈರಿ ಪ್ರಮಾಣ. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗಲೂ ಓಡೋಮೀಟರ್ ಬರೆದಿಟ್ಟು, ಎರಡು ದಶಮಾಂಶದವರೆಗೆ ಭಾಗಿಸಿ, ಫಲಿತಾಂಶವನ್ನು ಕೇಳದವರಿಗೂ ಹೇಳುತ್ತಾರೆ. ಇವರು ಸಾಮಾನ್ಯವಾಗಿ ಪೆಟ್ರೋಲ್‌ನವರು. ಏಕೆಂದರೆ ಇವರ ಕಾರು ಮನೆಯಿಂದ ತರಕಾರಿ ಅಂಗಡಿಗೆ ಹೋಗಿ ಬರುತ್ತದೆ, ಭಾಗಾಕಾರಕ್ಕೆ ಬೇಕಾದಷ್ಟು ಪುರುಸೊತ್ತೂ ಇರುತ್ತದೆ.

ಮಲೆನಾಡ ಸಂಪ್ರದಾಯ ಘಾಟಿಯನ್ನು ಪ್ರಮಾಣವಾಗಿ ಹಿಡಿಯುತ್ತದೆ. ಐದು ಜನ, ಎರಡು ಬಾಳೆಗೊನೆ, ಅಜ್ಜಿಯ ಹಪ್ಪಳದ ಡಬ್ಬಿ ಹೇರಿಕೊಂಡು ಚಾರ್ಮಾಡಿ ಹತ್ತುವಾಗ ಯಾವುದು ಸೆಕೆಂಡ್ ಗೇರಿನಲ್ಲಿ ಏದುಸಿರು ಬಿಡದೆ ಎಳೆಯುತ್ತದೋ ಅದೇ ಎಂಜಿನ್. ಇದು ಬರಿಯ ಭಾವನೆಯಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ-ಇಂಧನದ ಮಿಶ್ರಣವನ್ನು ಹತ್ತು ಪಟ್ಟಿನಷ್ಟು ಅದುಮಿ ಪ್ಲಗ್ಗಿನಿಂದ ಕಿಡಿ ಹಾರಿಸುತ್ತಾರೆ. ಡೀಸೆಲ್‌ನಲ್ಲಿ ಬರೀ ಗಾಳಿಯನ್ನು ಹದಿನಾರರಿಂದ ಇಪ್ಪತ್ತೆರಡು ಪಟ್ಟು ಅದುಮುತ್ತಾರೆ. ಅದುಮಿದ ಗಾಳಿ ಕಾದು ಕೆಂಡವಾಗಿರುವಾಗ ಎಣ್ಣೆ ಚಿಮ್ಮಿಸಿದರೆ ಯಾರೂ ಕಡ್ಡಿ ಗೀರದೆ ತಾನೇ ಹೊತ್ತಿಕೊಳ್ಳುತ್ತದೆ. ಜೊತೆಗೆ ಟರ್ಬೊ ಇದ್ದರೆ ಕೆಳಗಿನ ಸುತ್ತಿನಲ್ಲೇ ಎಳೆತ ಸಿಗುತ್ತದೆ. ಇಷ್ಟು ಒತ್ತಡ ತಾಳಲು ಎಂಜಿನ್ ದಪ್ಪಗಿರಬೇಕು, ಇಂಜೆಕ್ಟರು ಸೂಕ್ಷ್ಮವಾಗಿರಬೇಕು. ಡೀಸೆಲ್ ಕಾರಿನ ಬೆಲೆ ಹೆಚ್ಚಾಗುವುದು ಇಲ್ಲಿಂದ.

ಗ್ಯಾರೇಜ್ ಸಂಪ್ರದಾಯ ಮಿತಭಾಷಿ. ಸಾಗರದ ಕಡೆಯ ಒಬ್ಬ ಮೇಸ್ತ್ರಿಯನ್ನು ಈ ವಿಷಯವಾಗಿ ಸಂದರ್ಶಿಸಿದಾಗ ಅವರು ಸ್ಪ್ಯಾನರು ಕೆಳಗಿಡದೆ ಹೇಳಿದ್ದು: "ಪೆಟ್ರೋಲ್ ತಗಂಡ್ರೆ ನೀವು ಬದುಕ್ತೀರಿ, ಡೀಸೆಲ್ ತಗಂಡ್ರೆ ನಾನು ಬದುಕ್ತೀನಿ ಸಾರ್. ನಿಮಗೆ ಯಾರ ಮೇಲೆ ಪ್ರೀತಿ ಜಾಸ್ತಿ ನೋಡ್ಕಳಿ." ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಅಡಕವಾದ ವಾಕ್ಯ ಮತ್ತೊಂದಿಲ್ಲ.

ಬ್ರಾಂಡ್ ಸಂಪ್ರದಾಯದವರನ್ನು ಒಂದೇ ಮಾತಿನಲ್ಲಿ ಖಂಡಿಸಬಹುದು. ಸ್ವಿಫ್ಟ್, ಇಂಡಿಕಾ ವಿಸ್ಟಾ, ಪುಂಟೊಗಳ ಡೀಸೆಲ್ ಅಭಿಮಾನಿಗಳು ವರ್ಷಗಟ್ಟಲೆ ಒಬ್ಬರ ಎಂಜಿನ್ ಒಬ್ಬರು ಹಳಿದುಕೊಂಡರು. ಮೂರರ ಬಾನೆಟ್ಟಿನಡಿಯಲ್ಲೂ ಇದ್ದದ್ದು ಫಿಯೆಟ್‌ನ 1248 ಸಿಸಿಯ ಮಲ್ಟಿಜೆಟ್. ಕುಲ ಬೇರೆ ಎಂದು ಹೊಡೆದಾಡಿದವರದು ಗೋತ್ರ ಒಂದೇ.

ಗಣಿತ ಪ್ರಕರಣ

ವಾದ ಸಾಕು, ಲೆಕ್ಕಕ್ಕೆ ಬರೋಣ. ಡೀಸೆಲ್ ಕಾರಿಗೆ ಪೆಟ್ರೋಲ್ ಕಾರಿಗಿಂತ 1 ಲಕ್ಷ ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ಕಾರಿನ ಬೆಲೆಯ ಮೇಲೆ. ಆ ಹೆಚ್ಚಿನ ಲಕ್ಷದ ಮೇಲೂ ಶೇ 14 ಬೀಳುತ್ತದೆ ಎಂದರೆ ಅಂತರ 1,14,000. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಕೊಡಲಿ. (ಮಾಲೀಕರು ಹೇಳುವ ಅಂಕಿ ಇದಕ್ಕಿಂತ ಹೆಚ್ಚಿರುತ್ತದೆ, ಅದು ಕಾವ್ಯಮೀಮಾಂಸೆಯ ವಿಷಯ.) 2025ರ ಬೆಂಗಳೂರಿನ ದರವನ್ನು ಪೆಟ್ರೋಲ್‌ಗೆ ಸುಮಾರು 103, ಡೀಸೆಲ್‌ಗೆ 91 ಎಂದು ಹಿಡಿದರೆ ಕಿಲೋಮೀಟರಿಗೆ 6.87 ಮತ್ತು 4.55 ರೂಪಾಯಿ. ಉಳಿತಾಯ 2.32. ಹೆಚ್ಚಿಗೆ ಕೊಟ್ಟ ಹಣ ವಾಪಸು ಬರಲು ಸುಮಾರು 49,000 ಕಿ.ಮೀ. ಓಡಬೇಕು.

ಇಲ್ಲಿ ನಮ್ಮ ಸಂಶೋಧನೆಯ ಮೊದಲ ಅಚ್ಚರಿ. ಡೀಸೆಲ್‌ನ ಸುವರ್ಣಯುಗ 2012 ಎಂದು ಪಂಥದ ಹಿರಿಯರು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಪೆಟ್ರೋಲ್ ದರದ ಮೇಲಿನ ಹಿಡಿತವನ್ನು ಸರ್ಕಾರ 2010ರಲ್ಲೇ ಬಿಟ್ಟಿತ್ತು, ಡೀಸೆಲ್ ಮೇಲಿನದನ್ನು 2014ರ ಅಕ್ಟೋಬರ್‌ವರೆಗೂ ಬಿಟ್ಟಿರಲಿಲ್ಲ. ಆ ನಡುವೆ, 2012ರ ಮೇ ತಿಂಗಳ ಕೊನೆಗೆ, ದೆಹಲಿಯಲ್ಲಿ ಪೆಟ್ರೋಲ್ 73 ದಾಟಿ ಡೀಸೆಲ್ 41ರ ಒಳಗಿತ್ತು. ಅಂತರ 32 ರೂಪಾಯಿ! ಇದೇ ಕಾರು, ಇದೇ ಮೈಲೇಜ್, ಇದೇ 1,14,000 ಇಟ್ಟು ಆ ದರದಲ್ಲಿ ಲೆಕ್ಕ ಹಾಕಿದರೆ ಹಣ ವಾಪಸಾಗಲು ಸುಮಾರು 40,000 ಕಿ.ಮೀ. ಬೇಕಿತ್ತು. ದರದ ಅಂತರ 32ರಿಂದ 12ಕ್ಕೆ ಕುಸಿದರೂ ಗುರಿ ದೂರವಾದದ್ದು 9,000 ಕಿ.ಮೀ. ಮಾತ್ರ. ಏಕೆಂದರೆ ಎರಡೂ ದುಬಾರಿಯಾದಾಗ ಕಡಿಮೆ ಕುಡಿಯುವವನ ಗುಣವೇ ದೊಡ್ಡದಾಗುತ್ತದೆ. 2025ರ ಆ 2.32ರಲ್ಲಿ 1.72 ಬರುವುದು ಮೈಲೇಜಿನಿಂದ, ಉಳಿದ 60 ಪೈಸೆ ಮಾತ್ರ ದರದ ಅಂತರದಿಂದ. ಸಬ್ಸಿಡಿ ಹೋದರೂ ಡೀಸೆಲ್ ಪಂಥ ಬದುಕಿದ್ದು ಪೆಟ್ರೋಲ್ ದರದ ಕೃಪೆಯಿಂದ. 2020ರ ಜೂನ್ 24ರಂದು ದೆಹಲಿಯಲ್ಲಿ ಡೀಸೆಲ್ ದರ ಪೆಟ್ರೋಲನ್ನೇ ದಾಟಿ ಹೋದಾಗ ಭಕ್ತರು ವಿಚಲಿತರಾದರು. ಅಂದೂ ಲೆಕ್ಕ ಪೂರಾ ಸುಳ್ಳಾಗಿರಲಿಲ್ಲ.

ಬಡ್ಡಿ ಮರೆಯಬಾರದು. ಆ 1,14,000ಕ್ಕೆ ಶೇ 9ರಂತೆ ಮೊದಲ ವರ್ಷ ಹತ್ತು ಸಾವಿರ ಬಡ್ಡಿ. ತಿಂಗಳಿಗೆ 700 ಕಿ.ಮೀ. ಓಡಿಸುವವನಿಗೆ ವರ್ಷದ ಉಳಿತಾಯ 19,500. ಅರ್ಧ ಬ್ಯಾಂಕಿಗೆ ಹೋಯಿತು. ಮಿಕ್ಕದ್ದರಲ್ಲಿ ಎಷ್ಟು ಸಾಗರದ ಮೇಸ್ತ್ರಿಗೆ ಎಂಬುದು ಅವರವರ ಇಂಜೆಕ್ಟರಿನ ಹಣೆಬರಹ.

ಹಾಗಾದರೆ ಜನ ಈ ಲೆಕ್ಕ ಮಾಡಿ ಕಾರು ಕೊಳ್ಳುತ್ತಾರೆಯೆ? ಇಲ್ಲ. ಮೊದಲು ಇಂಧನವನ್ನು ನಿಶ್ಚಯಿಸಿಕೊಂಡು, ಆಮೇಲೆ ಅದಕ್ಕೆ ತಕ್ಕಷ್ಟು ಕಿಲೋಮೀಟರುಗಳನ್ನು ಹೊಂದಿಸುತ್ತಾರೆ. ಇದನ್ನು ನಾವು ತೀರ್ಥಯಾತ್ರಾ ನ್ಯಾಯ ಎಂದು ಕರೆದಿದ್ದೇವೆ.

ತೀರ್ಥಯಾತ್ರಾ ನ್ಯಾಯ

ಡೀಸೆಲ್ ಕಾರು ಕೊಂಡ ಗೃಹಸ್ಥನ ಮನೆಯಲ್ಲಿ ಭಕ್ತಿ ಹೆಚ್ಚುತ್ತದೆ. ಅದುವರೆಗೆ ಮನೆದೇವರ ಹೆಸರು ನೆನಪಿಲ್ಲದವನೂ ಬೆಳಗಿನ ಜಾವ ಎದ್ದು "ಒಂದ್ಸಲ ಧರ್ಮಸ್ಥಳಕ್ಕೆ ಹೋಗಿ ಬರೋಣ ಕಣೆ" ಎನ್ನುತ್ತಾನೆ. ಬೆಂಗಳೂರಿನಿಂದ ಹೋಗಿ ಬರಲು ಸುಮಾರು 600 ಕಿ.ಮೀ. ಪೆಟ್ರೋಲ್ ಕಾರಿಗೆ ಹೋಲಿಸಿದರೆ 1,390 ರೂಪಾಯಿ ಉಳಿಯಿತೆಂದು ಹಾಸನದಲ್ಲಿ ಕಾಫಿ ಕುಡಿಯುತ್ತ ಹೆಂಡತಿಗೆ ವಿವರಿಸುತ್ತಾನೆ. ಅದನ್ನು ಉಳಿಸಲು 2,730 ರೂಪಾಯಿಯ ಡೀಸೆಲ್ ಸುಟ್ಟದ್ದನ್ನು ಆಕೆ ಎತ್ತುವುದಿಲ್ಲ. ಎತ್ತಿದರೆ ಕುಕ್ಕೆಯೂ ಸೇರಿಕೊಳ್ಳುತ್ತದೆಂದು ಅನುಭವದಿಂದ ಬಲ್ಲಳು. 49,000 ಕಿ.ಮೀ. ಪೂರೈಸಲು ಇಂಥ 82 ಯಾತ್ರೆ ಬೇಕು. ತಿಂಗಳಿಗೊಂದರಂತೆ ಹೋದರೂ ಹತ್ತಿರ ಹತ್ತಿರ ಏಳು ವರ್ಷ. ಅಷ್ಟರಲ್ಲಿ ಪುಣ್ಯವೂ ಟೈರೂ ಎರಡೂ ಮುಗಿಯುವ ಹಂತಕ್ಕೆ ಬಂದಿರುತ್ತವೆ.

ಪೆಟ್ರೋಲ್ ಗೃಹಸ್ಥನದು ತದ್ವಿರುದ್ಧ. ಕಾರು ಕೊಂಡ ಮೇಲೆ ಅವನಿಗೆ ನೆಂಟರಿಷ್ಟರು ದೂರವಾಗುತ್ತಾರೆ. "ಬಸ್ಸಿನಲ್ಲಿ ಹೋದರೆ ಆರಾಮಾಗಿ ನಿದ್ದೆ ಮಾಡಬಹುದು" ಎಂಬ ತತ್ತ್ವ ಅವನ ಬಾಯಲ್ಲಿ ನೆಲೆಸುತ್ತದೆ. ಕಾರಿಗೆ ಕವರು ಹೊದಿಸಿ ಊರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಹೋಗುವವರನ್ನು ಕಂಡರೆ ಅವರ ಇಂಧನ ಯಾವುದೆಂದು ಕೇಳುವ ಅಗತ್ಯವಿಲ್ಲ.

ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರಿನೊಳಗೆ ಓಡಿಸುವವನು ಪೆಟ್ರೋಲ್ ಕೊಳ್ಳಲಿ. ಹದಿನೆಂಟು ಸಾವಿರ ದಾಟುವವನು, ಅದರಲ್ಲೂ ಘಾಟಿ ಹತ್ತುವವನು, ಡೀಸೆಲ್ ಕೊಳ್ಳಲಿ ಎಂಬುದು ನಮ್ಮ ಸಿದ್ಧಾಂತ. ನಡುವಿನವರು ವಾದ ಮಾಡಲಿ. ಈ ಸಿದ್ಧಾಂತದಿಂದ ಯಾರ ಮನಸ್ಸೂ ಬದಲಾದ ದಾಖಲೆ ಇಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ನಮೂದಿಸಲಾಗಿದೆ.

ಶೌಚಾಶೌಚ ಪ್ರಕರಣ

ಒಂದು ಲೀಟರ್ ಸುಟ್ಟರೆ ಡೀಸೆಲ್‌ನಿಂದ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ; ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಕಡಿಮೆ. ಮಸಿ ಮತ್ತು ಸಾರಜನಕದ ಆಕ್ಸೈಡುಗಳಲ್ಲಿ ಮಾತ್ರ ಡೀಸೆಲ್ ಕೈ ಮೇಲು. ಇದನ್ನು ಮುಚ್ಚಲು ಹೋಗಿ ಫೋಕ್ಸ್‌ವ್ಯಾಗನ್ 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದ ಕಥೆ ಲೋಕಪ್ರಸಿದ್ಧ. ಪರೀಕ್ಷೆ ನಡೆಯುತ್ತಿದೆಯೆಂದು ಕಾರಿನ ಸಾಫ್ಟ್‌ವೇರಿಗೆ ತಿಳಿಯುತ್ತಿತ್ತು. ಹೆಣ್ಣು ನೋಡಲು ಬಂದ ದಿನ ಮಾತ್ರ ಕಾಫಿ ಲೋಟ ತಾನೇ ಒಳಗಿಟ್ಟು ಬರುವ ವರನಂತೆ, ಅಷ್ಟು ಹೊತ್ತು ಹೊಗೆ ತಡೆದು ನಿಂತು, ರಸ್ತೆಗಿಳಿದೊಡನೆ ಸ್ವಭಾವಕ್ಕೆ ಮರಳುತ್ತಿತ್ತು.

ದೆಹಲಿಯ ಸುತ್ತಮುತ್ತ ಡೀಸೆಲ್ ಕಾರಿಗೆ ಹತ್ತು ವರ್ಷ, ಪೆಟ್ರೋಲ್‌ಗೆ ಹದಿನೈದು ವರ್ಷ ಆಯುಸ್ಸೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು; ಆಮೇಲೆ ಅದರಲ್ಲಿ ಸಡಿಲಿಕೆಯೂ ಬಂತು. ಅಲ್ಲಿ ಹತ್ತು ತುಂಬಿದ ಎಷ್ಟೋ ಡೀಸೆಲ್ ಕಾರುಗಳು ಎನ್‌ಒಸಿ ಹಿಡಿದು ಬೇರೆ ರಾಜ್ಯಗಳಿಗೆ ವಾನಪ್ರಸ್ಥಕ್ಕೆ ಹೊರಟವು. ವಾನಪ್ರಸ್ಥದಲ್ಲೂ ಅವು ಹೊಗೆ ಬಿಡುವುದನ್ನು ಬಿಡಲಿಲ್ಲ.

2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಸಣ್ಣ ಡೀಸೆಲ್ ಎಂಜಿನ್ನನ್ನು ಅಷ್ಟು ಚೊಕ್ಕ ಮಾಡುವ ಖರ್ಚಿಗೆ ಹೆದರಿ ಮಾರುತಿ ಡೀಸೆಲ್ ಸಂನ್ಯಾಸ ಸ್ವೀಕರಿಸಿತು. ಡೀಸೆಲ್‌ನಲ್ಲೇ ಉಳಿದವರು ಹೊಗೆಕೊಳವೆಗೆ ಡಿಪಿಎಫ್ ಎಂಬ ಮಸಿಜಾಲರಿ ಕಟ್ಟಿದರು. ಈ ಜಾಲರಿ ಮಸಿಯನ್ನು ಹಿಡಿದಿಡುತ್ತದೆ, ತುಂಬಿದಾಗ ಸುಟ್ಟುಕೊಳ್ಳಬೇಕು, ಸುಟ್ಟುಕೊಳ್ಳಲು ಹೊಗೆ ಚೆನ್ನಾಗಿ ಕಾಯಬೇಕು, ಕಾಯಲು ಕಾರು ನಿಲ್ಲದೆ ಒಂದಷ್ಟು ಹೊತ್ತು ವೇಗವಾಗಿ ಓಡಬೇಕು. ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ಇದು ಈ ಜನ್ಮದಲ್ಲಿ ಸಾಧ್ಯವಿಲ್ಲ. ಆಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಹೆದ್ದಾರಿಗೆ ಹೊರಡು ಎಂದು ಅದರ ಅರ್ಥ.

ಅಂದರೆ, ಹಿಂದೆ ಮನಸ್ಸಿನ ಸಮಾಧಾನಕ್ಕಾಗಿ ಕೈಗೊಳ್ಳುತ್ತಿದ್ದ ಯಾತ್ರೆ ಈಗ ಮಾಲೀಕರ ಕೈಪಿಡಿಯಲ್ಲೇ ವಿಹಿತವಾಗಿದೆ. ನಮ್ಮ ನ್ಯಾಯಕ್ಕೆ ಯಂತ್ರವೇ ಸಾಕ್ಷಿ ನುಡಿದ ಮೇಲೆ ಬೇರೆ ಪ್ರಮಾಣ ಬೇಕಿಲ್ಲ. ಕ್ಷೇತ್ರಕಾರ್ಯದಲ್ಲಿ ದೊರೆತ ಒಂದು ಸಂಭಾಷಣೆಯನ್ನು ಮಾತ್ರ ಇಲ್ಲಿ ದಾಖಲಿಸಬೇಕು. ಸ್ಥಳ ಬನಶಂಕರಿ, ಸಮಯ ರಾತ್ರಿ ಹನ್ನೊಂದು.

"ಇಷ್ಟು ಹೊತ್ತಲ್ಲಿ ಚಪ್ಪಲಿ ಮೆಟ್ಕೊಂಡು ಎಲ್ಲಿಗ್ರೀ?"

"ನೈಸ್ ರೋಡಿಗೆ."

"ಏನಿದೆ ಅಲ್ಲಿ?"

"ಏನಿಲ್ಲ. ಮಸಿ ಸುಟ್ಟು ಬರ್ತೀನಿ."

"ಟೋಲ್ ಎಷ್ಟು?"

ಗೃಹಸ್ಥ ಉತ್ತರಿಸಲಿಲ್ಲ. ಆ ಟೋಲ್ ರಸೀದಿಯನ್ನು ಉಳಿತಾಯದ ಖಾತೆಯಿಂದ ಕಳೆಯಬೇಕೋ, ತೀರ್ಥಯಾತ್ರೆಯ ಖರ್ಚಿಗೆ ಬರೆಯಬೇಕೋ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.